ದಿನಗಳ ಎಣಿಕೆ: ಋತುಚಕ್ರ, ಗರ್ಭಧಾರಣೆಯ ಸಂಭವ ಮತ್ತು ಕೋಲ್ಕತ್ತದ ಅನುಭವ

ಭಾರತದ ರಾಜ್ಯಗಳಲ್ಲಿ ಗರ್ಭನಿರೋಧದ ಮಟ್ಟಿಗೆ ಪಶ್ಚಿಮ ಬಂಗಾಳದ ದಾರಿ ಬೇರೆಯದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ರಾಜ್ಯದ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 74 ಮಂದಿ ಯಾವುದಾದರೊಂದು ಬಗೆಯಲ್ಲಿ ಗರ್ಭವನ್ನು ತಡೆಯುತ್ತಾರೆ. ಆದರೆ ಮಾತ್ರೆ, ನಿರೋಧ್, ವಂಕಿ, ಶಸ್ತ್ರಚಿಕಿತ್ಸೆ ಮುಂತಾದ ಆಧುನಿಕ ವಿಧಾನಗಳನ್ನು ಬಳಸುವವರು ಸುಮಾರು 61 ಮಂದಿ ಮಾತ್ರ. ಉಳಿದ ಹದಿಮೂರು ಮಂದಿಯ ಆಸರೆ ಹಳೆಯ ಎರಡು ದಾರಿಗಳು: ಒಂದು, ಗರ್ಭ ಕಟ್ಟುವ ದಿನಗಳನ್ನು ಎಣಿಸಿ ಆ ದಿನಗಳಲ್ಲಿ ದೂರವಿರುವುದು, ಇನ್ನೊಂದು, ಸ್ಖಲನಕ್ಕೆ ಮುನ್ನ ಗಂಡಸು ಹಿಂದೆ ಸರಿಯುವುದು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಚಿತ್ರ ತೀರ ಬೇರೆ. ಅಲ್ಲಿ ಗರ್ಭನಿರೋಧ ಅನುಸರಿಸುವ ಸುಮಾರು 69 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಧುನಿಕ ವಿಧಾನದವರೇ, ಅದರಲ್ಲೂ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಎರಡು ಮೂರು ಹೆರಿಗೆಯಾದ ಮೇಲೆ ಆಪರೇಷನ್, ಅಲ್ಲಿಯವರೆಗೆ ಏನೂ ಇಲ್ಲ ಎಂಬ ಕನ್ನಡನಾಡಿನ ರೂಢಿಯಲ್ಲಿ ದಿನ ಎಣಿಸುವ ಅಗತ್ಯವೇ ಬೀಳುವುದಿಲ್ಲ. ಬಂಗಾಳದಲ್ಲಿ, ಮುಖ್ಯವಾಗಿ ಕೋಲ್ಕತ್ತದ ಓದುಬರಹ ಬಲ್ಲ ಮನೆಗಳಲ್ಲಿ, ಆ ಎಣಿಕೆ ದಾಂಪತ್ಯದ ನಿತ್ಯದ ಲೆಕ್ಕವಾಗಿದೆ. ಆ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗಿನ ಅವಧಿಯನ್ನು ಒಂದು ಋತುಚಕ್ರ ಎನ್ನುತ್ತಾರೆ. ಈ ಅವಧಿಯ ಮೊದಲ ಭಾಗದಲ್ಲಿ ಅಂಡಾಶಯದಲ್ಲಿ ಕೆಲವು ಕೋಶಕಗಳು, ಅಂದರೆ ಅಂಡಾಣುವನ್ನು ಒಳಗಿಟ್ಟುಕೊಂಡಿರುವ ಸಣ್ಣ ನೀರ್ಗುಳ್ಳೆಯಂಥ ಚೀಲಗಳು, ಬೆಳೆಯತೊಡಗಿ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗಿ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸುತ್ತದೆ. ಆ ಹಾರ್ಮೋನು ಒಂದು ಮಟ್ಟ ಮುಟ್ಟಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂದು ಕರೆಯುವ ಮತ್ತೊಂದು ಹಾರ್ಮೋನು ಒಮ್ಮೆಗೇ ಉಕ್ಕುತ್ತದೆ. ಅದಾದ ಸುಮಾರು ಒಂದೂವರೆ ದಿನದೊಳಗೆ ಕೋಶಕ ಒಡೆದು ಅಂಡಾಣು ಹೊರಬೀಳುತ್ತದೆ. ಇದೇ ಅಂಡವಿಸರ್ಜನೆ. ಒಡೆದ ಕೋಶಕ ಆಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ಸಿದ್ಧಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಅದು ಬತ್ತಿ, ಆ ಪದರ ಕಳಚಿ, ಮುಟ್ಟಾಗುತ್ತದೆ.

ಹೊರಬಿದ್ದ ಅಂಡಾಣುವಿನ ಆಯುಸ್ಸು ಒಂದು ದಿನವನ್ನು ದಾಟುವುದಿಲ್ಲ. ಹೀಗಿದ್ದರೂ ಗರ್ಭ ಕಟ್ಟುವ ಅವಧಿ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಏಕೆಂದರೆ ಅಂಡವಿಸರ್ಜನೆಗೆ ಮುಂಚಿನ ದಿನಗಳಲ್ಲಿ ಗರ್ಭಕಂಠದಿಂದ ಒಸರುವ ತೆಳುವಾದ, ಜಾರುವ, ಎಳೆದರೆ ದಾರದಂತೆ ಉದ್ದವಾಗುವ ಲೋಳೆಯಲ್ಲಿ ವೀರ್ಯಾಣುಗಳು ಐದು ದಿನಗಳವರೆಗೂ ಬದುಕಿ ಕಾಯಬಲ್ಲವು. ಅಮೆರಿಕದ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಗರ್ಭಿಣಿಯಾಗಲು ಬಯಸುತ್ತಿದ್ದ 221 ಮಹಿಳೆಯರ ಮೂತ್ರವನ್ನು ದಿನದಿನವೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅವಧಿಯನ್ನು ಆರು ದಿನ ಎಂದು ಗೊತ್ತುಮಾಡಿತು: ಅಂಡವಿಸರ್ಜನೆಯ ದಿನ ಮತ್ತು ಅದರ ಹಿಂದಿನ ಐದು ದಿನ. ಐದು ದಿನ ಮುಂಚಿನ ಮಿಲನದಿಂದ ಗರ್ಭ ನಿಲ್ಲುವ ಸಂಭವ ನೂರಕ್ಕೆ ಹತ್ತರಷ್ಟು. ಅಂಡವಿಸರ್ಜನೆಯ ದಿನಕ್ಕೆ ಅದು ಮೂವತ್ತಮೂರರಷ್ಟು. ಅದರ ಮರುದಿನದ ಮಿಲನದಿಂದ ಆ ಅಧ್ಯಯನದಲ್ಲಿ ಯಾರಿಗೂ ಗರ್ಭ ನಿಲ್ಲಲಿಲ್ಲ.

ಇಷ್ಟು ಸ್ಪಷ್ಟವಾದ ಜ್ಞಾನ ಕೈಯಲ್ಲಿರುವಾಗ ಲೆಕ್ಕ ಏಕೆ ತಪ್ಪಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಇಲ್ಲಿದೆ: ಆ ಆರು ದಿನಗಳನ್ನು ಎಣಿಸಬೇಕಾದದ್ದು ಅಂಡವಿಸರ್ಜನೆಯಿಂದ ಹಿಂದಕ್ಕೆ, ಆದರೆ ಅಂಡವಿಸರ್ಜನೆ ಯಾವಾಗ ಎಂಬುದು ಅದು ಆಗುವ ಮುನ್ನ ಗೊತ್ತಿರುವುದಿಲ್ಲ. ಮುಟ್ಟಾದ ದಿನದಿಂದ ಹದಿನಾಲ್ಕನೆಯ ದಿನ ಅಂಡವಿಸರ್ಜನೆ ಎಂದು ಶಾಲೆಯ ಪುಸ್ತಕಗಳಲ್ಲಿ ಬರೆದಿರುವುದು ಇಪ್ಪತ್ತೆಂಟು ದಿನಗಳ ಒಂದು ಮಾದರಿ ಚಕ್ರಕ್ಕೆ ಮಾತ್ರ ಹೊಂದುವ ಮಾತು. ಮೊಬೈಲ್ ಆ್ಯಪ್ ಒಂದರಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ ಚಕ್ರದ ಸರಾಸರಿ ಉದ್ದ 29.3 ದಿನ ಇತ್ತು, ಅಂಡವಿಸರ್ಜನೆಗೆ ಮುಂಚಿನ ಭಾಗದ ಸರಾಸರಿಯೇ 16.9 ದಿನ ಇತ್ತು. ಚಕ್ರದ ಉದ್ದ ಹಿಗ್ಗುವುದೂ ಕುಗ್ಗುವುದೂ ಮುಖ್ಯವಾಗಿ ಈ ಮೊದಲ ಭಾಗದಲ್ಲಿಯೇ. ವಿಲ್ಕಾಕ್ಸ್ ಅವರ ತಂಡವೇ 2000ದಲ್ಲಿ ತೋರಿಸಿಕೊಟ್ಟಂತೆ, ವೈದ್ಯರು ಸಾಮಾನ್ಯವಾಗಿ ಹೇಳುವ ಹತ್ತರಿಂದ ಹದಿನೇಳನೆಯ ದಿನದ ಚೌಕಟ್ಟಿನೊಳಗೆ ಗರ್ಭ ಕಟ್ಟುವ ಆರೂ ದಿನಗಳು ಬಿದ್ದದ್ದು ನೂರರಲ್ಲಿ ಸುಮಾರು ಮೂವತ್ತು ಮಹಿಳೆಯರಿಗೆ ಮಾತ್ರ. ಏಳನೆಯ ದಿನದ ವೇಳೆಗೇ ಆ ಅವಧಿಗೆ ಕಾಲಿಟ್ಟಿದ್ದವರು ನೂರಕ್ಕೆ ಹದಿನೇಳು ಮಂದಿ. ಮುಟ್ಟು ನಿಂತ ಕೂಡಲೇ ನಾಲ್ಕು ದಿನ ನಿಶ್ಚಿಂತೆ ಎಂಬ ನಂಬಿಕೆ ಎಷ್ಟು ಮನೆಗಳಲ್ಲಿ ಬೇರೂರಿದೆ ಎಂಬುದನ್ನು ನೆನೆದರೆ ಈ ಒಂದು ಅಂಕಿಯ ತೂಕ ತಿಳಿಯುತ್ತದೆ.

ಇತಿಹಾಸವೂ ಈ ವಿಷಯದಲ್ಲಿ ನೇರವಾಗಿ ಸಾಗಿಲ್ಲ. ಮನುಸ್ಮೃತಿ ಮುಟ್ಟಿನಿಂದ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಎಣಿಸಿ, ಅವುಗಳಲ್ಲಿ ಮೊದಲ ನಾಲ್ಕನ್ನೂ ಹನ್ನೊಂದು ಮತ್ತು ಹದಿಮೂರನೆಯದನ್ನೂ ನಿಷೇಧಿಸಿ, ಸಮರಾತ್ರಿಗಳಲ್ಲಿ ಗಂಡು, ಬೆಸರಾತ್ರಿಗಳಲ್ಲಿ ಹೆಣ್ಣು ಎಂದು ಹೇಳುತ್ತದೆ. ಮಗುವಿನ ಲಿಂಗವನ್ನು ನಿರ್ಧರಿಸುವುದು ವೀರ್ಯಾಣುವಿನ ವರ್ಣತಂತುವೇ ಹೊರತು ರಾತ್ರಿಯ ಸಂಖ್ಯೆಯಲ್ಲ. ಆ ಮಾತನ್ನು ಅಲ್ಲಿಗೇ ಬಿಡಬಹುದು. ಗಮನಿಸಬೇಕಾದದ್ದು ಬೇರೆ. ಸಂತಾನ ಬೇಕೆನ್ನುವವರಿಗಾಗಿ ಹೇಳಿದ ಈ ಎಣಿಕೆಯನ್ನು ತಿರುಗಿಸಿ, ಹದಿನಾರು ಕಳೆದ ಮೇಲೆ ಭಯವಿಲ್ಲ ಎಂದು ಓದಿಕೊಂಡರೆ, ಮೂವತ್ತನಾಲ್ಕು ದಿನಕ್ಕೊಮ್ಮೆ ಮುಟ್ಟಾಗುವ, ಅಂದರೆ ಇಪ್ಪತ್ತನೆಯ ದಿನದ ಆಸುಪಾಸಿನಲ್ಲಿ ಅಂಡವಿಸರ್ಜನೆಯಾಗುವ ಹೆಂಗಸಿನ ಮಟ್ಟಿಗೆ ಅದು ನೇರ ಅಪಾಯಕ್ಕೆ ಕೊಡುವ ಆಹ್ವಾನ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ಇದಕ್ಕಿಂತ ದೊಡ್ಡ ತಪ್ಪು ಮಾಡಿದರು: ಪ್ರಾಣಿಗಳ ಬೆದೆಗೂ ಹೆಂಗಸಿನ ಮುಟ್ಟಿಗೂ ಒಂದೇ ಅರ್ಥ ಹಚ್ಚಿ, ಚಕ್ರದ ನಡುವಿನ ದಿನಗಳೇ ಸುರಕ್ಷಿತವೆಂದು ಸಾರಿದರು. ಅದು ಸರಿಹೋದದ್ದು ಜಪಾನಿನ ಕ್ಯೂಸಾಕು ಒಗಿನೊ 1924ರಲ್ಲಿ, ಆಸ್ಟ್ರಿಯಾದ ಹರ್ಮನ್ ಕ್ನೌಸ್ 1928ರಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ, ಅಂಡವಿಸರ್ಜನೆಗೂ ಮುಂದಿನ ಮುಟ್ಟಿಗೂ ನಡುವಿನ ಅಂತರ ಸುಮಾರು ಎರಡು ವಾರ ಎಂದು ಕಂಡುಕೊಂಡ ಮೇಲೆ. ಒಗಿನೊ ಅವರ ಉದ್ದೇಶ ಮಕ್ಕಳಿಲ್ಲದವರಿಗೆ ನೆರವಾಗುವುದಾಗಿತ್ತು. ಜಗತ್ತು ಅದನ್ನು ಮುಖ್ಯವಾಗಿ ಮಕ್ಕಳಾಗದಂತೆ ನೋಡಿಕೊಳ್ಳಲು ಬಳಸಿತು.

ಒಗಿನೊ ಮತ್ತು ಕ್ನೌಸ್ ಕಂಡುಕೊಂಡ ಅಂತರದ ಮೇಲೆ ನಿಂತ ಲೆಕ್ಕ ಹೀಗಿದೆ. ಹೆಂಗಸು ಕಳೆದ ಆರು ಚಕ್ರಗಳ ಉದ್ದವನ್ನಾದರೂ ಬರೆದಿಟ್ಟಿರಬೇಕು. ಅವುಗಳಲ್ಲಿ ಅತಿ ಚಿಕ್ಕದರಿಂದ 18 ಕಳೆದರೆ ಎಚ್ಚರಿಕೆಯ ಮೊದಲ ದಿನವೂ, ಅತಿ ದೊಡ್ಡದರಿಂದ 11 ಕಳೆದರೆ ಕೊನೆಯ ದಿನವೂ ಸಿಗುತ್ತವೆ. ಚಿಕ್ಕದು 26, ದೊಡ್ಡದು 31 ಎಂದಿಟ್ಟುಕೊಂಡರೆ ಎಂಟನೆಯ ದಿನದಿಂದ ಇಪ್ಪತ್ತನೆಯ ದಿನದವರೆಗೆ, ಒಟ್ಟು ಹದಿಮೂರು ದಿನ ದೂರವಿರಬೇಕು. ಮುಟ್ಟಿನ ನಾಲ್ಕೈದು ದಿನಗಳನ್ನೂ ರೂಢಿಯಂತೆ ಬಿಟ್ಟರೆ ತಿಂಗಳಲ್ಲಿ ಉಳಿಯುವುದು ಹನ್ನೆರಡೋ ಹದಿಮೂರೋ ದಿನ. ಚಕ್ರದ ಉದ್ದ 24ರಿಂದ 36ರವರೆಗೆ ಓಲಾಡುವವರಿಗೆ ಈ ಲೆಕ್ಕದಲ್ಲಿ ಆರರಿಂದ ಇಪ್ಪತ್ತೈದರವರೆಗಿನ ದಿನಗಳೆಲ್ಲ ನಿಷಿದ್ಧ. ಹದಿವಯಸ್ಸಿನವರು, ಮುಟ್ಟು ನಿಲ್ಲುವ ವಯಸ್ಸಿಗೆ ಬಂದವರು, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರುವವರು ಈ ಎಣಿಕೆಯನ್ನು ನೆಚ್ಚುವಂತೆಯೇ ಇಲ್ಲ. ಬಾಣಂತಿಯರ ಸ್ಥಿತಿ ಇನ್ನೂ ಸೂಕ್ಷ್ಮ: ಹೆರಿಗೆಯ ನಂತರದ ಮೊದಲ ಮುಟ್ಟಿಗೆ ಮುಂಚೆಯೇ ಅಂಡವಿಸರ್ಜನೆ ಆಗಬಹುದಾದ್ದರಿಂದ, ಮುಟ್ಟೇ ಆಗಿಲ್ಲ ಎಂಬ ಧೈರ್ಯದಲ್ಲಿದ್ದವರು ಮತ್ತೆ ಬಸಿರಾಗುವುದುಂಟು. ಮಗುವಿಗೆ ಆರು ತಿಂಗಳು ತುಂಬಿಲ್ಲ, ಹಗಲೂ ರಾತ್ರಿಯೂ ಎದೆಹಾಲಲ್ಲದೆ ಬೇರೇನೂ ಕೊಟ್ಟಿಲ್ಲ, ಮುಟ್ಟೂ ಮರಳಿಲ್ಲ ಎಂಬ ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಮೊಲೆಯೂಡಿಸುವಿಕೆ ನಂಬಬಹುದಾದ ತಡೆ.

ಸ್ವತಂತ್ರ ಭಾರತದ ಮೊದಲ ಕುಟುಂಬ ಯೋಜನೆಯ ಪ್ರಯೋಗ ನಡೆದದ್ದು ಈ ಎಣಿಕೆಯ ಮೇಲೆಯೇ, ಅದೂ ಕನ್ನಡದ ನೆಲದಲ್ಲಿ ಎಂಬುದು ಇಂದು ಹೆಚ್ಚು ಜನರ ನೆನಪಿನಲ್ಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ 1930ರಲ್ಲೇ ಮಂಜೂರಾತಿ ಕೊಟ್ಟಿದ್ದ ಮೈಸೂರಿಗೆ ಇದು ಹೊಸ ವಿಷಯವೇನಲ್ಲ. ಆದರೆ ದೆಹಲಿಯಲ್ಲಿ ಆಗ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ನಿಕಟವರ್ತಿ; ಗಾಂಧೀಜಿ 1935ರ ಕೊನೆಯಲ್ಲಿ ವಾರ್ಧಾಕ್ಕೆ ಬಂದ ಅಮೆರಿಕದ ಸಂತಾನ ನಿಯಂತ್ರಣ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಜೊತೆ ಮಾತನಾಡುವಾಗ, ಉಪಕರಣಗಳನ್ನೆಲ್ಲ ನಿರಾಕರಿಸಿದರೂ, ಸುರಕ್ಷಿತ ದಿನಗಳ ವಿಧಾನದಲ್ಲಿ ಸಂಯಮದ ಅಂಶವಿದೆಯೆಂದು ಅದರ ವಿಷಯದಲ್ಲಿ ಮೃದುವಾಗಿದ್ದರು. ಹೀಗಾಗಿ ಅಮೃತ್ ಕೌರ್ ಈ ವಿಧಾನಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದಾಗ ಆ ಸಂಸ್ಥೆ 1951ರಲ್ಲಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು, ಮತ್ತು ದೆಹಲಿಯ ಲೋಧಿ ಕಾಲೊನಿಯಲ್ಲೂ ಮೈಸೂರು ರಾಜ್ಯದ ರಾಮನಗರದಲ್ಲೂ ಪ್ರಾಯೋಗಿಕ ಕೇಂದ್ರಗಳು ತೆರೆದವು. ಅಕ್ಷರ ಬಾರದ ಹೆಂಗಸರಿಗೆ ಕ್ಯಾಲೆಂಡರಿನ ಬದಲು ಸ್ಟೋನ್ ಒಂದು ಮಣಿಸರ ಕೊಟ್ಟರು: ದಿನಕ್ಕೊಂದು ಮಣಿ, ಭಯವಿಲ್ಲದ ದಿನಗಳಿಗೆ ಹಸಿರು, ಗರ್ಭ ಕಟ್ಟುವ ದಿನಗಳಿಗೆ ಕೆಂಪು, ದಿನವೂ ಒಂದೊಂದನ್ನು ಆಚೆಗೆ ಸರಿಸಬೇಕು. ದೀಪವಿಲ್ಲದ ಮನೆಯಲ್ಲಿ ರಾತ್ರಿ ಹಸಿರು ಯಾವುದು, ಕೆಂಪು ಯಾವುದು ಎಂದು ತಿಳಿಯದೆ ಮಣಿಗಳ ಆಕಾರವನ್ನೇ ಬದಲಿಸಬೇಕಾಯಿತೆಂದೂ, ಸರವನ್ನು ಕೊರಳಿಗೆ ಹಾಕಿಕೊಂಡರೆ ಸಾಕು, ಅದೇ ಕಾಯುತ್ತದೆ ಎಂದು ಕೆಲವರು ತಿಳಿದರೆಂದೂ ಆ ಪ್ರಯೋಗದ ಬಗ್ಗೆ ಮುಂದೆ ಬರೆದವರು ದಾಖಲಿಸಿದ್ದಾರೆ. ಕಲಿಯಲು ಮುಂದೆ ಬಂದವರು ಬಹಳ. ಬಿಡದೆ ಅನುಸರಿಸಿದವರು ಕೆಲವರೇ. ಇದಕ್ಕೆ ಹೆಂಗಸರ ಅಜ್ಞಾನವೇ ಕಾರಣವೆಂದು ಆಗ ಹೇಳಿದ್ದು ಅನ್ಯಾಯ. ಇಂದು ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಯಾವ ಮಣಿಯೂ ತೀರ್ಮಾನಿಸಲಾರದು. ಗಂಡನಿಗೆ ಆ ಸರದ ಪಾಠವನ್ನು ಅಷ್ಟೇ ಶ್ರದ್ಧೆಯಿಂದ ಕಲಿಸದೆ ಫಲಿತಾಂಶವನ್ನು ಹೆಂಡತಿಯಿಂದ ಕೇಳಿದರೆ ಅದು ವಿಧಾನದ ಪರೀಕ್ಷೆ ಆಗುವುದಿಲ್ಲ.

ಅರ್ಧ ಶತಮಾನದ ನಂತರ ಅದೇ ಮಣಿಸರ ಇನ್ನಷ್ಟು ಸುಧಾರಿಸಿದ ರೂಪದಲ್ಲಿ ಮರಳಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವಿಧಾನದಲ್ಲಿ, ಚಕ್ರದ ಉದ್ದ 26ರಿಂದ 32 ದಿನಗಳೊಳಗೇ ಇರುವ ಹೆಂಗಸರು ಎಂಟರಿಂದ ಹತ್ತೊಂಬತ್ತನೆಯ ದಿನದವರೆಗೆ, ಅಂದರೆ ಸರದ ಹನ್ನೆರಡು ಬಿಳಿ ಮಣಿಗಳ ಕಾಲದಲ್ಲಿ, ಎಚ್ಚರಿಕೆ ವಹಿಸಬೇಕು. 2002ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಐವರೂ, ಸಾಮಾನ್ಯ ಬಳಕೆಯಲ್ಲಿ ಹನ್ನೆರಡು ಮಂದಿಯೂ ಗರ್ಭಿಣಿಯರಾದರು. ಏನೂ ಮಾಡದೆ ಇದ್ದರೆ ವರ್ಷದಲ್ಲಿ ಎಂಬತ್ತೈದು ಮಂದಿ ಗರ್ಭಿಣಿಯರಾಗುತ್ತಾರೆ ಎಂಬುದರ ಮುಂದಿಟ್ಟು ನೋಡಿದರೆ ಇದು ಕಡೆಗಣಿಸುವ ಸಾಧನೆಯಲ್ಲ. ವಂಕಿ ಹಾಕಿಸಿಕೊಂಡ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ ಎಂಬುದರ ಮುಂದಿಟ್ಟರೆ ನೆಮ್ಮದಿ ಕೊಡುವ ಅಂಕಿಯೂ ಅಲ್ಲ.

ಕೋಲ್ಕತ್ತ ಈ ಕಥೆಯೊಳಗೆ ಜಗತ್ತಿನ ಕಣ್ಣಿಗೆ ಬಿದ್ದದ್ದು 1979ರ ಡಿಸೆಂಬರಿನಲ್ಲಿ. ಓಸ್ಲೊ ನಗರದಲ್ಲಿ ನೊಬೆಲ್ ಉಪನ್ಯಾಸ ನೀಡುತ್ತ ಮದರ್ ತೆರೇಸಾ, ತಮ್ಮ ಸೋದರಿಯರು ಬಡವರಿಗೆ ಮೈಯ ತಾಪಮಾನ ನೋಡಿ ದಿನ ಗುರುತಿಸುವುದನ್ನು ಕಲಿಸಿದ್ದರಿಂದ ಕೋಲ್ಕತ್ತವೊಂದರಲ್ಲೇ ಆರು ವರ್ಷಗಳಲ್ಲಿ 61,273 ಜನನಗಳು ಕಡಿಮೆಯಾದವೆಂದು ಹೇಳಿದರು. 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಲೇಖನವೊಂದು ಕೋಲ್ಕತ್ತದ 19,843 ಬಡ ಮಹಿಳೆಯರ ಅಂಕಿಅಂಶಗಳನ್ನು ಎತ್ತಿ ತೋರಿಸಿ, ಅವರಲ್ಲಿ ಗರ್ಭಧಾರಣೆಯ ಪ್ರಮಾಣ ಶೂನ್ಯದ ಹತ್ತಿರ ಎಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೂಗಳು, ಕಾಲು ಭಾಗದಷ್ಟು ಮುಸ್ಲಿಮರು. ತಾಪಮಾನದ ವಿಧಾನದ ಆಧಾರ ಗಟ್ಟಿಯಾದದ್ದೇ: ಅಂಡವಿಸರ್ಜನೆಯ ಬಳಿಕ ಪ್ರೊಜೆಸ್ಟರಾನ್ ಪ್ರಭಾವದಿಂದ ಮೈಬಿಸಿ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಹಾಗೆಯೇ ನಿಲ್ಲುತ್ತದೆ, ಮೂರು ದಿನ ಹಾಗೆ ನಿಂತರೆ ಅಪಾಯ ಕಳೆಯಿತೆಂದು ತಿಳಿಯಬಹುದು. ಆದರೆ ಅದನ್ನು ಪ್ರತಿದಿನ ಬೆಳಿಗ್ಗೆ ಎದ್ದು ಕೂರುವ ಮುನ್ನ, ಒಂದೇ ಹೊತ್ತಿಗೆ ಅಳೆಯಬೇಕು. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಬಸ್ತಿಯಲ್ಲಿ, ನಸುಕಿನಲ್ಲೇ ನಲ್ಲಿಯ ಮುಂದೆ ಕೊಡವಿಟ್ಟು ಸರದಿ ಹಿಡಿಯಬೇಕಾದ ಹೆಂಗಸು, ರಾತ್ರಿ ಮಗು ಎದ್ದು ನಿದ್ದೆಗೆಟ್ಟಾಗಲೂ ಜ್ವರ ಬಂದಾಗಲೂ ಆ ಸಣ್ಣ ಏರಿಕೆಯನ್ನು ತಪ್ಪಿಲ್ಲದೆ ಗುರುತಿಸಿ ಬರೆಯುತ್ತಾಳೆಂದು ನಂಬುವುದು ಕಷ್ಟ. ಸೋದರಿಯರ ಸೇವೆಯನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕು: ಕಲಿಸಿದವರೇ ಎಣಿಸಿದ ಯಶಸ್ಸು ಮತ್ತು ಹೊರಗಿನವರು ಹಿಂಬಾಲಿಸಿ ಅಳೆದ ಯಶಸ್ಸು ಒಂದೇ ಅಲ್ಲ.

ಹಾಗೆ ಹಿಂಬಾಲಿಸಿ ಅಳೆದ ಪರೀಕ್ಷೆಯೂ ನಡೆದಿದೆ, ಅದರಲ್ಲಿ ಬೆಂಗಳೂರಿಗೂ ಪಾಲಿದೆ. ಆಸ್ಟ್ರೇಲಿಯಾದ ಜಾನ್ ಮತ್ತು ಎವೆಲಿನ್ ಬಿಲಿಂಗ್ಸ್ ದಂಪತಿ ರೂಪಿಸಿದ, ಗರ್ಭಕಂಠದ ಲೋಳೆಯನ್ನು ದಿನವೂ ಗಮನಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಆಕ್ಲೆಂಡ್, ಬೆಂಗಳೂರು, ಡಬ್ಲಿನ್, ಮನಿಲಾ ಮತ್ತು ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್ ಎಂಬ ಐದು ಕೇಂದ್ರಗಳಲ್ಲಿ ಪರೀಕ್ಷಿಸಿ 1981ರಿಂದ ವರದಿಗಳನ್ನು ಪ್ರಕಟಿಸಿತು. ಮೊದಲಿಗೆ ಸೇರಿಕೊಂಡ 869 ಮಹಿಳೆಯರಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿ, ಓದುಬರಹ ಬಾರದವರೂ ಸೇರಿದಂತೆ, ಮೊದಲ ಚಕ್ರದಲ್ಲೇ ತಮ್ಮ ಲೋಳೆಯ ಬದಲಾವಣೆಯನ್ನು ಗುರುತಿಸಬಲ್ಲವರಾದರು. ಬಡ ಹೆಂಗಸರಿಗೆ ತಮ್ಮ ಮೈಯ ಸೂಚನೆ ತಿಳಿಯದು ಎಂಬ ವಾದ ಅಲ್ಲಿಗೆ ಮುಗಿಯಿತು. ಆದರೂ ವರ್ಷದೊಳಗೆ ನೂರಕ್ಕೆ ಸುಮಾರು ಇಪ್ಪತ್ತು ಮಂದಿ ಗರ್ಭಿಣಿಯರಾದರು. ಈ ಅಂಕಿಗಳನ್ನು 1990ರಲ್ಲಿ ಮತ್ತೆ ಪರಿಶೀಲಿಸಿದ ಜೇಮ್ಸ್ ಟ್ರಸೆಲ್ ಮತ್ತು ಲಾರೆನ್ಸ್ ಗ್ರಮರ್-ಸ್ಟ್ರಾನ್, ನಿಯಮ ಪೂರ್ತಿ ಪಾಲಿಸಿದಾಗ ವೈಫಲ್ಯ ನೂರಕ್ಕೆ 3.1 ಮಾತ್ರವೆಂದೂ, ಪಾಲಿಸದೆ ಇದ್ದಾಗ ಅದು 86.4ರಷ್ಟೆಂದೂ ಲೆಕ್ಕ ಹಾಕಿದರು. ಈ ಎರಡು ಸಂಖ್ಯೆಗಳ ನಡುವೆ ಇಡೀ ವಿಷಯ ಅಡಗಿದೆ. ಒಂದು ದಿನದ ಮಾತ್ರೆ ಮರೆತರೆ ಅಪಾಯ ಒಂದಿಷ್ಟು ಏರಬಹುದು. ಎಣಿಕೆಯ ವಿಧಾನದಲ್ಲಿ ನಿಯಮ ಮುರಿಯುವುದೆಂದರೆ ಗರ್ಭ ಕಟ್ಟುವ ದಿನವೆಂದು ತಿಳಿದ ದಿನವೇ ಕೂಡುವುದು.

ಕೋಲ್ಕತ್ತದ ಮಧ್ಯಮ ವರ್ಗ ಈ ಅಪಾಯ ತಿಳಿಯದೆ ಎಣಿಕೆಗೆ ಅಂಟಿಕೊಂಡಿದೆಯೆಂದು ಭಾವಿಸಬಾರದು. ಜನಸಂಖ್ಯಾಶಾಸ್ತ್ರಜ್ಞೆ ಅಲಕಾ ಬಸು 2005ರ ಲೇಖನವೊಂದರಲ್ಲಿ, ಭಾರತದ ಹೆಚ್ಚು ಓದಿದ ಮಹಿಳೆಯರು ಆಪರೇಷನ್ನನ್ನೂ ಹಾರ್ಮೋನು ಮಾತ್ರೆಯನ್ನೂ ಬಿಟ್ಟು ದಿನಗಳ ಎಣಿಕೆ, ಹಿಂಸರಿಯುವಿಕೆ, ನಿರೋಧ್‌ಗಳತ್ತ ವಾಲುವುದನ್ನು ಹಿಂದುಳಿದಿರುವಿಕೆ ಎನ್ನದೆ ಆಧುನಿಕತೆಗೂ ಮುಂದಿನ ಹೆಜ್ಜೆ ಎಂದು ಗುರುತಿಸಿದರು. ಅಡ್ಡಪರಿಣಾಮದ ಭಯ, ಅಂಗಡಿಯಲ್ಲಿ ಕೇಳುವ ಸಂಕೋಚ, ಮೈಯ ಮೇಲಿನ ಸ್ವಂತ ಹಿಡಿತ, ಗಂಡಹೆಂಡಿರ ನಡುವಿನ ಮಾತುಕತೆ ಎಲ್ಲವೂ ಅದರಲ್ಲಿ ಸೇರಿವೆ. ಆ ಆಯ್ಕೆಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಎಣಿಕೆ ತಪ್ಪಿದಾಗ ಮುಂದೇನು ಎಂಬ ತಿಳಿವಳಿಕೆ ಅದೇ ಮನೆಯಲ್ಲಿ ಇರಬೇಕು, ಮತ್ತು ಅಲ್ಲಿಯೇ ಕೊರತೆ ಕಾಣುತ್ತದೆ.

ತುರ್ತು ಗರ್ಭನಿರೋಧಕ ಮಾತ್ರೆ ಅಂಡವಿಸರ್ಜನೆಯನ್ನು ಮುಂದೂಡುವ ಮೂಲಕ ಕೆಲಸ ಮಾಡುತ್ತದೆ. ಎಲ್‌ಎಚ್ ಏರಿಕೆ ಶುರುವಾಗಿಬಿಟ್ಟಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದಲೇ 72 ಗಂಟೆಯೊಳಗೆ ಎಂಬ ಸೂಚನೆಯನ್ನು ಮೂರನೆಯ ದಿನದವರೆಗೆ ಕಾಯಬಹುದು ಎಂದು ಓದದೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂದು ಓದಬೇಕು. ಐದು ದಿನದೊಳಗೆ ಹಾಕಿಸಿಕೊಂಡ ತಾಮ್ರದ ವಂಕಿ ಇದಕ್ಕಿಂತ ಖಚಿತ. ಮಾತ್ರೆಯ ನಂತರ ಮುಟ್ಟು ಹಿಂದುಮುಂದಾಗುವುದರಿಂದ ಹಳೆಯ ಲೆಕ್ಕ ಆ ತಿಂಗಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಎಣಿಕೆಯ ಇನ್ನೊಂದು ಮುಖ ಮಗುವಿಗಾಗಿ ಹಂಬಲಿಸುವವರದು, ಮತ್ತು ಅಲ್ಲಿಯೂ ಕೋಲ್ಕತ್ತದ ಹೆಸರು ದೊಡ್ಡದು. ವೈದ್ಯ ಸುಭಾಷ್ ಮುಖೋಪಾಧ್ಯಾಯ ಅಂಡಾಶಯವನ್ನು ಹಾರ್ಮೋನಿನಿಂದ ಪ್ರಚೋದಿಸಿ, ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು, ಮುಂದೊಂದು ಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ ಫಲವಾಗಿ 1978ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಮೊದಲ ಪ್ರನಾಳ ಶಿಶು ಹುಟ್ಟಿದ 70 ದಿನಗಳ ನಂತರ, ದುರ್ಗಾ ಎಂದು ಹೆಸರಾದ ಮಗು ಜನಿಸಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರ ಜೂನ್ 19ರಂದು ಅವರು ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಭಾರತದ ಮೊದಲ ಪ್ರನಾಳ ಶಿಶುವಿನ ಶ್ರೇಯ ತನ್ನದಲ್ಲ, ಅವರದೇ ಎಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದವರು ವಿಜ್ಞಾನಿ ಟಿ.ಸಿ. ಆನಂದಕುಮಾರ್. ಚಿಕಿತ್ಸೆಯವರೆಗೆ ಹೋಗುವ ಮುನ್ನ ಅನೇಕ ದಂಪತಿಗಳಿಗೆ ಬೇಕಾದದ್ದು ಸರಳ ತಿಳಿವಳಿಕೆ: ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಿದ್ದರೆ ಆ ಆರು ದಿನಗಳು ತಪ್ಪಿಹೋಗುವುದಿಲ್ಲ. ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಗಂಡನ ವೀರ್ಯಪರೀಕ್ಷೆಯೂ ಹೆಂಡತಿಯ ಪರೀಕ್ಷೆಯ ಜೊತೆಗೇ ಆಗಬೇಕು.

ದಿನ ಎಣಿಸುವವರು ತಿಳಿದಿರಬೇಕಾದ ಇನ್ನೊಂದು ಎಣಿಕೆಯಿದೆ. ವೈದ್ಯರೂ ಕಾನೂನೂ ಗರ್ಭದ ವಯಸ್ಸನ್ನು ಲೆಕ್ಕ ಹಾಕುವುದು ಮಿಲನದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಇಪ್ಪತ್ತೆಂಟು ದಿನದ ಚಕ್ರದವಳಿಗೆ ಮುಟ್ಟು ಒಂದು ವಾರ ತಪ್ಪಿದ ಹೊತ್ತಿಗೆ ಐದು ವಾರ ತುಂಬಿರುತ್ತದೆ. ಮುಟ್ಟು ತಪ್ಪಿದ ವಾರದಲ್ಲೇ ಔಷಧಿ ಅಂಗಡಿಯ ಮೂತ್ರಪರೀಕ್ಷೆಯ ಪಟ್ಟಿ ವಿಷಯವನ್ನು ತಿಳಿಸಬಲ್ಲದು. ಬೇಡದ ಗರ್ಭವಾದರೆ 1971ರ ಕಾಯ್ದೆ ಮತ್ತು ಅದರ 2021ರ ತಿದ್ದುಪಡಿಯ ಪ್ರಕಾರ ಇಪ್ಪತ್ತು ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ವಯಸ್ಕಳಾದ ಹೆಂಗಸಿನ ಒಪ್ಪಿಗೆಯೊಂದೇ ಬೇಕಾದದ್ದು, ಗಂಡನ ಸಹಿ ಬೇಕಿಲ್ಲ. ಅಂಗಡಿಯಲ್ಲಿ ಯಾರನ್ನೂ ಕೇಳದೆ ಗರ್ಭಪಾತದ ಮಾತ್ರೆ ತಂದು ನುಂಗುವುದು, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ, ಜೀವಕ್ಕೇ ಎರವಾಗುತ್ತದೆ. ಮಗಳಿಗೆ ಮುಟ್ಟಿನ ದಿನ ಬರೆದಿಡಲು ಕಲಿಸುವ ತಾಯಂದಿರು ಈ ಮಾತುಗಳನ್ನೂ ಕಲಿಸಲಿ, ತಂದೆಯರು ಮಗನಿಗೂ ಇವನ್ನು ಹೇಳಲಿ.